ಸೀತ ಎಂಬ ಪ್ರಿಂಟರು

ಕಾರ್ತ್ಯಾಯನಿ ನಾಲ್ಕನೇ ಸಲ ಪ್ರಿಂಟ್ ಒತ್ತಿದಳು. ಕಾಗದ ಬರಲಿಲ್ಲ. ಆಮೇಲೆ ನೆನಪಾಗಿ ತಲೆ ಚಚ್ಚಿಕೊಂಡಳು. ಎಸ್ಟೇಟ್ ಆಫೀಸಿಗೆಲ್ಲ ಇದ್ದ ಒಂದೇ ಪ್ರಿಂಟರು ನಿಂಗಯ್ಯನ ಮೇಜಿನ ಮೇಲಿತ್ತು. ಅವನ ಕಂಪ್ಯೂಟರ್ ಹಾಕದೆ ಯಾರ ಕಾಗದವೂ ಹೊರಗೆ ಬರುತ್ತಿರಲಿಲ್ಲ. ಆರು ವರ್ಷದಿಂದ ಬೆಳಿಗ್ಗೆ ಬಂದು ಅದನ್ನು ಹಾಕುತ್ತಿದ್ದವನು ಅವನೇ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಆಫೀಸಿಗೆ ರಜೆ. ಅವಳು ಬೀಗ ತೆಗೆದು ಒಳಗೆ ಬಂದದ್ದೂ ಅವನ ಕೆಲಸಕ್ಕೇ. ಫೋಟೋ ಹಾಕಿದ ಎರಡು ಆದರಾಂಜಲಿ ಹಾಳೆ ಬೇಕಿತ್ತು, ತೃಶ್ಶಿಲೇರಿಯ ಬಸ್ ಸ್ಟಾಪಿಗೊಂದು, ಚಹದಂಗಡಿಯ ಗೋಡೆಗೊಂದು. ಎರಡು ಗಂಟೆಗೆ ಹೆಣ ಎತ್ತುತ್ತಾರೆ.

ಅವನ ಕುರ್ಚಿಯ ಬೆನ್ನಿಗೆ ಟವೆಲು ಹಾಗೇ ಇತ್ತು. ಕೂರಲು ಮನಸ್ಸಾಗದೆ ನಿಂತೇ ಸ್ವಿಚ್ ಹಾಕಿದಳು. ಪ್ರಿಂಟರು ಎದ್ದು ಗೊರಗುಟ್ಟಿತು. ನಿಂಗಯ್ಯನ ಮುಖ ಮೊದಲು ಹಣೆ, ಆಮೇಲೆ ಕಣ್ಣು, ಹೀಗೆ ಚೂರುಚೂರಾಗಿ ಹೊರಗೆ ಬಂತು. ಒತ್ತಿದ್ದು ನಾಲ್ಕು ಸಲ, ಬೇಕಾದದ್ದು ಎರಡೇ. ಉಳಿದೆರಡನ್ನು ತಡೆಯಲು ಪ್ರಿಂಟರಿನ ಸರದಿ ಪಟ್ಟಿ ತೆರೆದಳು. ಎಲ್ಲಕ್ಕಿಂತ ಮೇಲೆ ಮ್ಯಾನೇಜರ್ ವೇಲಾಯುಧನ್ ಕಳಿಸಿದ ಒಂದು ಕಾಗದ ನಿಂತಿತ್ತು. ತಾರೀಖು ತಿಂಗಳ ಹಿಂದಿನದು. ಎಲ್ಲೋ ಸಿಕ್ಕಿಕೊಂಡಿದೆ ಅಂದುಕೊಂಡು ಬಿಡಿಸಿದಳು.

ಬಂದದ್ದು ನೋಟೀಸು. ಐದನೇ ಪಾಡಿಯ ವೆಳ್ಳಚ್ಚಿ ಮೂವತ್ತು ದಿನದೊಳಗೆ ಮನೆ ಖಾಲಿ ಮಾಡಬೇಕು, ತಪ್ಪಿದರೆ ಬೀಗ ಹಾಕಲಾಗುವುದು. ಪಾಡಿ ಅಂದರೆ ಕೂಲಿಯವರ ಸಾಲುಮನೆ. ಮೂವತ್ತನೇ ದಿನ ನಾಳೆ.

ಕೊಟ್ಟ ಕಾಗದಕ್ಕೆಲ್ಲ ತಪಾಲು ಪುಸ್ತಕದಲ್ಲಿ ಸಹಿ ಹಾಕಿಸುವುದು ಆಫೀಸಿನ ಪದ್ಧತಿ. ಅವಳು ಡ್ರಾಯರ್ ಎಳೆದು ಪುಸ್ತಕ ತೆಗೆದಳು. ಪ್ರಿಂಟೇ ಆಗದ ಆ ನೋಟೀಸಿನ ಮುಂದೆ ವೆಳ್ಳಚ್ಚಿಯ ಹೆಸರು, ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು. ಹೆಬ್ಬೆಟ್ಟಿನ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ.

ಆ ಗೆರೆಯನ್ನು ಅವಳು ಆರು ವರ್ಷ ಎದುರು ಮೇಜಿನಿಂದ ನೋಡಿದ್ದಳು.

*

ನಿಂಗಯ್ಯ ಟೈಪಿಸ್ಟಾಗಿ ಸೇರಿದ್ದು ವಯನಾಡು ಜಿಲ್ಲೆ ಆದ ವರ್ಷ. ಚಿಕ್ಕವನಿದ್ದಾಗ ಗದ್ದೆಯಲ್ಲಿ ಕುಡುಗೋಲು ತಗುಲಿ ಎಡಗೈ ಹೆಬ್ಬೆಟ್ಟು ಸೀಳಿ, ಗಾಯದ ಗೆರೆ ಹಾಗೇ ಉಳಿದಿತ್ತು. ಕಂಪ್ಯೂಟರ್ ಬಂದಾಗ ಟೈಪ್‌ರೈಟರ್ ಉಗ್ರಾಣಕ್ಕೆ ಹೋಯಿತು, ಅದರ ಹಿಂದೆ ತಾನೂ ಹೋಗಬೇಕೇನೋ ಎಂದು ಅವನು ಹೆದರಿದ್ದ. ಮಾನಂತವಾಡಿಯಿಂದ ಬಂದವರು ಗೋಡೆಯುದ್ದಕ್ಕೂ ನೀಲಿ ತಂತಿ ಎಳೆದು, ಪ್ರಿಂಟರು ಎಲ್ಲಿಡಬೇಕು ಎಂದು ಕೇಳಿದಾಗ, ಅವನು ಎದ್ದು ನಿಂತು, "ನನ್ನ ಮೇಜಿನ ಮೇಲಿರಲಿ ಸಾರೇ" ಅಂದಿದ್ದ. ಬಾಯಿಬಿಟ್ಟು ಅವನು ಏನನ್ನಾದರೂ ಕೇಳಿದ್ದು ಅದೊಂದೇ.

ಒಂದು ಪ್ರಿಂಟರನ್ನು ಎಲ್ಲ ಕಂಪ್ಯೂಟರಿಗೂ ಹಂಚುವ ಕೆಲಸವನ್ನು ನೋಡಿಯೇ ಕಲಿತ. ಪ್ರತಿ ಕಂಪ್ಯೂಟರಿನ ಮುಂದೆ ಕೂತು ತನ್ನ ಪ್ರಿಂಟರನ್ನು ಹುಡುಕಿ ಸೇರಿಸಿದ. ಅದಕ್ಕೊಂದು ಹೆಸರು ಕೊಡಬೇಕು ಅಂದಾಗ ನಾಚಿಕೊಂಡು ಹೆಂಡತಿಯ ಹೆಸರು ಬರೆದ. ಅಲ್ಲಿಂದ ಆಫೀಸಿನಲ್ಲಿ ಒಂದೇ ತಮಾಷೆ. "ನಿಂಗಯ್ಯಣ್ಣ, ಸೀತಗೆ ಇವತ್ತು ಕೋಪವಾ? ಕಾಗದ ಉಗುಳ್ತಾ ಇಲ್ಲ!" ಅವನು ನಗುತ್ತಿದ್ದ. ಎಲ್ಲರ ಕಾಗದವೂ ಅವನ ಕೈ ದಾಟಿಯೇ ಹೋಗಬೇಕು, ಅವನಿಗೆ ಅಷ್ಟು ಸಾಕಾಗಿತ್ತು.

ಇಲ್ಲ ಎನ್ನುವ ಮಾತು ಅವನ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ನೋಟೀಸು ಕೊಟ್ಟೆಯಾ ಎಂದು ಮ್ಯಾನೇಜರ್ ಕೇಳಿದಾಗಲೂ, "ಕೊಟ್ಟೆ ಸಾರೇ, ಹೆಬ್ಬೆಟ್ಟು ಹಾಕಿಸಿದೆ" ಅಂದ. ಅದಾದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತ ಕೇಳಿದ್ದ:

"ಕಾರ್ತ್ಯಾಯನಿ, ಪ್ರಿಂಟಾಗದಂತೆ ಒಂದು ಕಾಗದ ತಡೆದಿಟ್ಟರೆ ಎಷ್ಟು ದಿನ ಇರ್ತದೆ?"

"ಯಾರಾದರೂ ಬಿಡಿಸೋ ತನಕ."

"ನಾನೇ ಬಿಡಿಸದಿದ್ದರೆ?"

"ಹಾಗೇ ಇರ್ತದೆ ಅಣ್ಣ. ಯಾಕೆ?"

"ಸುಮ್ಮನೆ" ಅಂದಿದ್ದ.

*

ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ. ವೆಳ್ಳಚ್ಚಿ ಒಳಗೆ ಬರದೆ ಬೇಲಿಯ ಹತ್ತಿರ ಕೂತಿದ್ದಳು. ಐವತ್ತು ವರ್ಷ ಆ ಎಸ್ಟೇಟಿನಲ್ಲಿ ಕಾಫಿ ಕುಯ್ದ ಕಾಡುಜನದ ಮುದುಕಿ. ಕಾರ್ತ್ಯಾಯನಿಯನ್ನು ಕಂಡು ಕೈ ಹಿಡಿದಳು.

"ಚೇಚಿ, ಗಾರ್ಡು ಬೆಳಿಗ್ಗೆ ಹೊಸ ಬೀಗ ತಂದು ತೋರಿಸ್ದ. ಯಾಕ್ಕಂತ ಗೊತ್ತಿಲ್ಲ. ನಾನಿರೋ ತನಕ ನಿನ್ನ ಪಾಡಿಗೆ ಯಾರೂ ಬರಲ್ಲ ಅಂತ ನಿಂಗಯ್ಯ ಹೇಳಿದ್ದ. ಈಗ ಅವ್ನೇ ಇಲ್ಲಲ್ಲ."

ಕಾರ್ತ್ಯಾಯನಿಗೆ ಸತ್ತವನ ಮೇಲೆ ಸಿಟ್ಟು ಬಂತು. ಕಾಗದವನ್ನು ತಡೆದ ಪುಣ್ಯಾತ್ಮನಿಗೆ ದಿನವನ್ನು ತಡೆಯಲಾಗಲಿಲ್ಲ. ಮುದುಕಿಗೆ ಒಂದು ಮಾತು ಹೇಳಿ ಸಿದ್ಧ ಮಾಡಲೂ ಇಲ್ಲ. ನೋಟೀಸು ಕೊಟ್ಟೇ ಇಲ್ಲ ಎಂದರೆ ನಾಳೆ ಬೀಗ ಹಾಕುವಂತಿಲ್ಲ. ಹಾಗೆ ಹೇಳಿದರೆ ಇಷ್ಟು ಜನರ ಮುಂದೆ ನಿಂಗಯ್ಯ ಸುಳ್ಳುಗಾರ, ಕಳ್ಳ ಹೆಬ್ಬೆಟ್ಟು ಒತ್ತಿದವ. ಹೇಳದಿದ್ದರೆ ವೆಳ್ಳಚ್ಚಿ ನಾಳೆ ಬೀದಿಯಲ್ಲಿ.

ಅವಳು ನೇರ ಸೀತಳ ಹತ್ತಿರ ಹೋಗಿ, ಕಿವಿಯ ಬಳಿ ಬಾಗಿ, ಎಲ್ಲವನ್ನೂ ಹೇಳಿ, ಬ್ಯಾಗಿನಿಂದ ತಪಾಲು ಪುಸ್ತಕ ತೆಗೆದು ಕೊಟ್ಟಳು. ಸೀತ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಆ ಗುರುತನ್ನು ಬಹಳ ಹೊತ್ತು ನೋಡಿದಳು.

"ಒಂದು ತಿಂಗಳಾಯ್ತು ಮೋಳೇ, ನಿದ್ದೆಯಲ್ಲಿ ಎದ್ದು ಕೂರ್ತಿದ್ರು. ಕೇಳಿದ್ರೆ, ಪ್ರಿಂಟರು ತಾನಾಗೇ ಓಡ್ತಾ ಇದೆ, ಕೇಳಿಸಲ್ವಾ ನಿಂಗೆ, ಅಂತಿದ್ರು."

"ನಾನು ಹೇಳಲಾ, ಬೇಡವಾ? ನೀವು ಹೇಳಿದ ಹಾಗೆ."

ಸೀತ ಎದ್ದು, ಕುರ್ಚಿಯಲ್ಲಿ ಕೂತಿದ್ದ ವೇಲಾಯುಧನ್ ಮುಂದೆ ಪುಸ್ತಕ ಹಿಡಿದಳು.

"ಸಾರೇ, ಈ ಹೆಬ್ಬೆಟ್ಟು ವೆಳ್ಳಚ್ಚಿಯದಲ್ಲ. ನೋಟೀಸು ಅವಳಿಗೆ ಮುಟ್ಟಿಲ್ಲ."

"ನಿಂಗಯ್ಯನೇ ಹಾಕಿಸಿದ್ದು. ಅವನು ಸುಳ್ಳು ಹೇಳುವವನಲ್ಲ."

"ಹೇಳಿದ್ದಾರೆ. ಬನ್ನಿ, ನೋಡಿ."

ಹೆಣದ ಹತ್ತಿರ ಕೂತು ಅವಳು ಬಿಳಿ ಬಟ್ಟೆ ಸರಿಸಿದಳು. ಎದೆಯ ಮೇಲೆ ಎರಡೂ ಹೆಬ್ಬೆಟ್ಟುಗಳನ್ನು ಸೇರಿಸಿ ನೂಲು ಕಟ್ಟಿದ್ದರು. ಎಡಗಡೆಯದನ್ನು ಮೆಲ್ಲಗೆ ತಿರುಗಿಸಿ ಅದರ ಪಕ್ಕಕ್ಕೆ ಪುಸ್ತಕ ಇಟ್ಟಳು. ವೇಲಾಯುಧನ್ ಕನ್ನಡಕ ಹಾಕಿಕೊಂಡು ಬಗ್ಗಿದ. ಅದೇ ಜಾಗ, ಅದೇ ಉದ್ದ, ಅದೇ ಗೆರೆ. ಅವನ ಮುಖ ಕೆಂಪಾಯಿತು. ಹೆಣದ ಮುಂದೆ ಬೈಯುವ ಹಾಗಿಲ್ಲ. ಕೊನೆಗೆ ಗಾರ್ಡಿನ ಕಡೆ ತಿರುಗಿ, "ನಾಳೆ ಬೀಗ ಬೇಡ. ನೋಟೀಸು ಕೊಟ್ಟಿಲ್ಲ" ಅಂದ. ತಡೆದು, "ಇನ್ನು ಕೊಟ್ಟ ದಿನದಿಂದ ಮೂವತ್ತು ದಿನ" ಎಂದೂ ಸೇರಿಸಿದ.

ನೋಟೀಸು ಕಾರ್ತ್ಯಾಯನಿಯ ಬ್ಯಾಗಿನಲ್ಲೇ ಇತ್ತು. ಅವಳು ತೆಗೆಯಲಿಲ್ಲ.

ಎತ್ತುವ ಹೊತ್ತಾಯಿತು ಎಂದು ಯಾರೋ ಅಂದರು. ಸೀತ ಗಂಡನ ಮೈಮೇಲೆ ಬಟ್ಟೆ ಸರಿಯಾಗಿ ಹೊದಿಸಿ, ಅಂಚುಗಳನ್ನು ಸುತ್ತಲೂ ಒಳಗೆ ಸೇರಿಸಿದಳು. ಆ ಹೆಬ್ಬೆಟ್ಟನ್ನು ಮಾತ್ರ ಹೊರಗೇ ಬಿಟ್ಟಳು.