ಬಿಸ್ಕೀಟಿನ ಲಾಂಚು

ಧರ್ಮಣ್ಣನಿಗೆ ಸುಳ್ಳು ಹೇಳುವ ಕಲೆ ಒಲಿದಿರಲಿಲ್ಲ. ಹೇಳಲೇಬೇಕೆಂದಿದ್ದರೆ ನನ್ನನ್ನೊಂದು ಮಾತು ಕೇಳಬಹುದಿತ್ತು. ಬೈಕುಲ್ಲಾದ ಚಾಳಿನ ಒಂದೇ ಖೋಲಿಯಲ್ಲಿ ಚಾಪೆ ಹಾಸಿ ಮಲಗುವವರು ನಾವು. ಬೆಳಗಾದರೆ ನಾನು ವಿಕ್ರೋಳಿಯ ಕಾರ್ಖಾನೆಗೆ, ಅವನು ಸಮುದ್ರಕ್ಕೆ. ವಿಜಾಪುರದ ಕಡೆಯ ಲಿಂಗಾಯತರ ಹುಡುಗ, ಡೀಸೆಲ್ ಇಂಜಿನ್ ರಿಪೇರಿ ಕಲಿತು ಒಂದು ಮೋಟಾರ್ ಲಾಂಚಿಗೆ ಡ್ರೈವರ್ ಆಗಿದ್ದ. ಸಸೂನ್ ಡಾಕಿನಲ್ಲಿ ಐಸು ತುಂಬಿಕೊಂಡು ವರಳಿ, ವರ್ಸೋವಾದ ಮೀನುಗಾರರಿಗೆ ಮುಟ್ಟಿಸುವುದು, ಬರುವಾಗ ಅವರ ಮೀನು ಹೇರಿಕೊಂಡು ಬರುವುದು, ಇದು ಆ ಲಾಂಚಿನ ಕೆಲಸ.

ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆಯಿಂದ ಹೆಣ್ಣು ತಂದವನು ಇದನ್ನು ಮಾವನ ಮುಂದೆ ಹೇಗೆ ಹೇಳಿಯಾನು? ಲಾಂಚಿನಲ್ಲಿ ಏನು ಸಾಗಿಸುತ್ತೀರಿ ಎಂದು ಅವರು ಕೇಳಿದಾಗ “ಬಿಸ್ಕೀಟ್ ರೀ” ಅಂದುಬಿಟ್ಟಿದ್ದ. ಅದಕ್ಕಿಂತ ಸಾಧು ವಸ್ತು ಅವನಿಗೆ ಹೊಳೆಯಲಿಲ್ಲವಂತೆ.

ಇನ್ನೂ ಮುಂಬಯಿ ಕಾಣದ ಹೆಂಡತಿ ರಾಚವ್ವ ಹೆರಿಗೆಗೆ ತವರಿಗೆ ಹೋದವಳು ಅಲ್ಲೇ ಇದ್ದಳು. ಮಗ ಹುಟ್ಟಿ ಅಂಬೆಗಾಲಿಡುವಷ್ಟಾದರೂ ಮಾವ ಶೆಟ್ಟೆಪ್ಪನವರು ಕಳಿಸಲೊಲ್ಲರು. ಮೊದಲು ಬಾಣಂತನ ಮುಗಿಯಲಿ ಅಂದರು, ಆಮೇಲೆ ಮುಂಬಯಿಯ ಮಳೆ ಅಂದರು, ಆಮೇಲೆ ನೆಪ ಹೇಳುವುದನ್ನೂ ಬಿಟ್ಟರು. ಧರ್ಮಣ್ಣ ಮಾತ್ರ ನಮ್ಮ ಖೋಲಿಯ ತೊಲೆಗೆ ತೊಟ್ಟಿಲಿನ ಕೊಂಡಿ ಹಾಕಿಸಿ ಕಾಯುತ್ತಿದ್ದ. ಅದಕ್ಕೆ ನಾನೊಮ್ಮೆ ಅಂಗಿ ತೂಗುಹಾಕಿದ್ದಕ್ಕೆ ನನ್ನ ಮೇಲೆ ಹರಿಹಾಯ್ದಿದ್ದ. ಮಗನ ಮುಖವನ್ನೇ ಕಾಣದ ಅಪ್ಪನ ಸಿಟ್ಟು ಅದು ಎಂದು ನಾನೂ ಸುಮ್ಮನಾದೆ.

ಹೀಗಿರುವಾಗ ಒಂದು ದಿನ ರುಮಾಲು ಸುತ್ತಿದ ಶೆಟ್ಟೆಪ್ಪನವರು ಹೇಳದೆ ಕೇಳದೆ ಬಂದಿಳಿದರು. ಕೊಟ್ಟ ನೀರನ್ನೂ ಕುಡಿಯದೆ, “ಅಳಿಯಾರ, ನಿಮ್ಮ ಲಾಂಚಿನಾಗ ನಾನೂ ಒಮ್ಮೆ ಕುಂತು ಬರಬೇಕು. ರಾಚವ್ವನ ಮಾತು ಆಮ್ಯಾಲೆ” ಅಂದರು.

ಧರ್ಮಣ್ಣ ನನ್ನನ್ನು ಹೊರಗೆ ಎಳೆದುಕೊಂಡು ಹೋದ. “ಮಾವಾರ ಮೂಗಿಗೆ ವಾಸನಿ ಬಡದೈತಿ, ಇನ್ನ ರಾಚಿ ಬಂದಂಗ” ಎಂದು ನನ್ನ ಹತ್ತಿರ ಗೋಳಾಡಿದ. ಸಾಬೂನು, ಲಿಂಬೆ, ಕರ್ಪೂರ, ಸಿಕ್ಕಿದ್ದನ್ನೆಲ್ಲ ಹಚ್ಚಿ ಕೈ ತಿಕ್ಕಿಕೊಂಡ. ಪೇಟೆಯಿಂದ ದೊಡ್ಡವೆರಡು ಬಿಸ್ಕೀಟಿನ ಡಬ್ಬಿ ತಂದು ಲಾಂಚಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಮೀನಿನ ಬುಟ್ಟಿಗಳ ಮೇಲೆ ತಾಡಪತ್ರಿ ಮುಚ್ಚಿಯೇ ಇರಬೇಕೆಂದು ಚುಕ್ಕಾಣಿ ಹಿಡಿಯುವ ಮುದುಕ ತಾಂಡೇಲನ ಕೈಕಾಲು ಹಿಡಿದ. ಧೈರ್ಯಕ್ಕೆ ಇರಲೆಂದು ನನಗೂ ರಜೆ ಹಾಕಿಸಿದ.

ಸಸೂನ್ ಡಾಕ್ ಎಂದರೆ ನಿಮಗೆ ಗೊತ್ತಲ್ಲ, ಅಲ್ಲಿ ಮೂಗಿದ್ದವರಿಗೆ ಕಷ್ಟ. “ಸಮುದ್ರದ ಉಪ್ಪಿನ ವಾಸನಿ ರೀ ಮಾವಾರ” ಎಂದ ಧರ್ಮಣ್ಣ, ಅವರು ಕೇಳುವ ಮೊದಲೇ. ಶೆಟ್ಟೆಪ್ಪನವರಿಗೆ ಅದರ ಪರಿವೆಯೇ ಇರಲಿಲ್ಲ. ಸಮುದ್ರಕ್ಕೊಂದು ಕೈಮುಗಿದು, ಡಬ್ಬಿಗಳಿಂದ ಆದಷ್ಟು ದೂರ ಹೋಗಿ ಕುಳಿತರು. “ಒಂದು ಬಿಸ್ಕೀಟ್ ತಿಂತೀರೇನ್ರಿ?” ಎಂದು ಅಳಿಯ ಉಪಚಾರ ಮಾಡಿದರೆ, ಕಾದ ಹಂಚು ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡರು.

ಕೊಲಾಬಾದ ತುದಿ ಸುತ್ತಿ ತೆರೆದ ಸಮುದ್ರಕ್ಕೆ ಬಿದ್ದ ಮೇಲೆ ನಾನು ಬೆಳಿಗ್ಗೆ ತಿಂದ ಉಪ್ಪಿಟ್ಟನ್ನೆಲ್ಲ ನೀರಿಗೆ ಒಪ್ಪಿಸಿದೆ. ಹುಟ್ಟಿದಾಗಿನಿಂದ ಕೆರೆಗಿಂತ ದೊಡ್ಡ ನೀರು ಕಾಣದ ಆ ಹಿರಿಯರು ಮಾತ್ರ ಮಿಸುಕಲಿಲ್ಲ. ವರಳಿಯಲ್ಲಿ ಬಲೆ ಸರಿಮಾಡುತ್ತಿದ್ದವರು ಎದ್ದು ಬಂದು ಐಸಿನ ಗಡ್ಡೆಗಳನ್ನು ಗೋಣಿಯಲ್ಲಿ ಸುತ್ತಿ ಇಳಿಸಿಕೊಂಡರು. ಶೆಟ್ಟೆಪ್ಪನವರು ಒಂದೊಂದು ಗೋಣಿಯನ್ನೂ ಬಗ್ಗಿ ಬಗ್ಗಿ ನೋಡಿದರು.

ವರ್ಸೋವಾದಲ್ಲಿ ಅಂದು ಸುಗ್ಗಿ. ದೋಣಿಗಳು ತುಂಬಿ ಬಂದಿದ್ದವು, ಒಣಗಲು ಹಾಕಿದ ಬೊಂಬಿಲು ಮೀನಿನ ಸಾಲುಗಳ ಕೆಳಗೆ ಹೆಂಗಸರು ಓಡಾಡುತ್ತಿದ್ದರು. ಲಾಂಚಿನ ಒಡತಿ ಇಂದ್ರಾಬಾಯಿ ಕಚ್ಚೆ ಬಿಗಿದು ನಿಂತು ಬುಟ್ಟಿಗಳನ್ನು ಏರಿಸುತ್ತಿದ್ದಳು, ಮೇಲೆಲ್ಲ ತಾಡಪತ್ರಿಯ ಮುಚ್ಚಳ. ಶೆಟ್ಟೆಪ್ಪನವರು ಹತ್ತಿರ ಹೋಗಿ ಹರಕು ಮರಾಠಿಯಲ್ಲಿ, ಇದೇನು ಮಾಲು ಎಂದು ಕೇಳಿದರು. ಅವಳು ಹಲ್ಲೆಲ್ಲ ಕಾಣಿಸುವಂತೆ ನಕ್ಕು, “ಸೋನಂ ಆಹೇ ಮಾಮಾ, ಸೋನಂ!” ಅಂದಳು. ಒಳ್ಳೆ ಮೀನು ಬಿದ್ದ ದಿನ ಬಂಗಾರ ಎನ್ನದೆ ಇನ್ನೇನು ಅಂದಾಳು? ಹಿರಿಯರ ಮುಖ ಮಾತ್ರ ಸುಣ್ಣದ ಗೋಡೆಯಾಯಿತು. ಲಾಂಚಿಗೆ ಬಂದು ಕೊರಳಿನ ಲಿಂಗ ಹಿಡಿದುಕೊಂಡು ಕಣ್ಣು ಮುಚ್ಚಿದರು. ಪಾಪ, ಸಮುದ್ರದ ಅಂಜಿಕೆ ಈಗ ಶುರುವಾಗಿದೆ ಎಂದುಕೊಂಡೆ.

ಮರಳುವಾಗ ಮಾಹಿಮ್ ದಾಟಿದ್ದೆವು. ದೂರದಿಂದ ಕಸ್ಟಮ್ಸಿನವರ ಬೋಟು ನಮ್ಮ ಕಡೆಗೇ ಬರತೊಡಗಿತು. ಅದು ದಿನವೂ ಬರುವುದೇ; ತಾಂಡೇಲ ಬೀಡಿ ಕೂಡ ಆರಿಸಲಿಲ್ಲ. ಆದರೆ ಶೆಟ್ಟೆಪ್ಪನವರು ಧಡಕ್ಕನೆ ಎದ್ದು ಕೂಗಿದರು.

“ಯಾರ ಬೋಟದು?”

“ಕಸ್ಟಮ್ಸಿನವ್ರದು ರೀ ಮಾವಾರ.”

“ಲೇ ತಮ್ಮಾ, ಆ ಡಬ್ಬಿ ನೀರಿಗೆ ಒಗಿ! ನಿನ್ನ ಕೈಮುಗಿತೀನಿ, ಒಗಿಯೋ!”

ಅಳಿಯನನ್ನು ಅವರು ಬಹುವಚನ ಬಿಟ್ಟು ಕರೆದದ್ದು ಅದೇ ಮೊದಲು. ಅವನು ಮಿಕಿಮಿಕಿ ನೋಡುತ್ತಿರುವಾಗಲೇ ಒಂದು ಡಬ್ಬಿಯನ್ನು ತಾವೇ ಎತ್ತಿ ಸಮುದ್ರಕ್ಕೆ ಬಿಸಾಡಿದರು. ಇನ್ನೊಂದನ್ನು ಎತ್ತಿಕೊಂಡಾಗ ಧರ್ಮಣ್ಣ ಹಿಡಿದುಕೊಂಡ. ಎಳೆದಾಟದಲ್ಲಿ ಮುಚ್ಚಳ ಹಾರಿ ಒಂದಷ್ಟು ಬಿಸ್ಕೀಟು ಹಲಗೆಯ ಮೇಲೆ ಚೆಲ್ಲಿದವು.

ಹಿರಿಯರು ಕುಕ್ಕರಗಾಲಲ್ಲಿ ಕುಳಿತು ಒಂದನ್ನು ಮುರಿದರು. ಇನ್ನೊಂದನ್ನು ಮುರಿದರು. ಕೈತುಂಬ ಪುಡಿ.

“ಇವು ತಿನ್ನೂ ಬಿಸ್ಕೀಟ?”

“ಮತ್ತ್ಯಾವ ಬಿಸ್ಕೀಟ್ ಇರ್ತಾವ್ರಿ?”

“ಬಂಗಾರದ್ದು! ಮುಂಬೈ ಸಮುದ್ರದಾಗ ಬಿಸ್ಕೀಟ್ ಅಂದ್ರ ಬಂಗಾರದ ಗಟ್ಟಿ ಅಂತ ಸಾಲಿ ಮಾಸ್ತರ ಪೇಪರ್ ಓದಿ ಹೇಳ್ಯಾರ. ಕಳ್ಳಮಾಲ ಸಾಗಸೂದನ್ನ ನನ್ನ ಮುಂದನ ರಾಜಾರೋಷ ಹೇಳ್ದೆಲ್ಲೋ ನೀನು! ಅವತ್ತಿಂದ ನನಗ ನಿದ್ದಿಲ್ಲ. ನಾಳೆ ಪೊಲೀಸ್ರು ನಿನ್ನ ಹಿಡಕೊಂಡು ಹೋದ್ರ ಕೂಸಿಗೆ ನಾ ಏನಂತ ಹೇಳ್ಲಿ?” ಎಂದವರಿಗೆ ತಟ್ಟನೆ ಇಂದ್ರಾಬಾಯಿಯ ಮಾತು ನೆನಪಾಯಿತು. “ಅಂದ್ರ ಆ ತಾಡಪತ್ರಿ ಕೆಳಗೈತೇನು ಬಂಗಾರ?”

ಧರ್ಮಣ್ಣ ಓಡಿ ಹೋಗಿ ಬುಟ್ಟಿಗಳಿಗೆ ಅಡ್ಡ ನಿಂತ. ನಮ್ಮ ಭಾಷೆ ತಿಳಿಯದಿದ್ದರೂ ಮುದುಕ ತಾಂಡೇಲನಿಗೆ ಸಾಕಾಗಿಹೋಗಿತ್ತು. ಎದ್ದು ಬಂದು ತಾಡಪತ್ರಿಯನ್ನು ಸರ್ರನೆ ಎಳೆದ.

ಬಿಸಿಲಿಗೆ ಪಾಪ್ಲೆಟ್ ಮೀನುಗಳು ಫಳಫಳ ಹೊಳೆದವು. ಅಳಿಯ ಕಣ್ಣು ಮುಚ್ಚಿಕೊಂಡ. ಮಾವ ಬುಟ್ಟಿಯಿಂದ ಬುಟ್ಟಿಗೆ ಹೋಗಿ ಇಣುಕಿದರು.

“ಮೀನ! ಬರೇ ಮೀನ ಐತಲ್ಲೋ!”

ಜನ್ಮದಲ್ಲಿ ಮೀನು ಮುಟ್ಟದ ಮನುಷ್ಯ ಆ ಬುಟ್ಟಿಗಳ ನಡುವೆ ನಿಂತು ರುಮಾಲು ಜಾರುವ ಹಾಗೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಕಸ್ಟಮ್ಸಿನ ಬೋಟು ಪಕ್ಕಕ್ಕೇ ಬಂತು. ಅದರವನೊಬ್ಬ ತಾಂಡೇಲನಿಗೆ ಕೈಬೀಸಿದ; ಶೆಟ್ಟೆಪ್ಪನವರು ಎಲ್ಲರಿಗಿಂತ ಜೋರಾಗಿ ಕೈಬೀಸಿ ಅವನನ್ನು ಕಳಿಸಿಕೊಟ್ಟರು. ಧರ್ಮಣ್ಣ ಇಂಜಿನ್ನಿಗೆ ಒರಗಿ ಕುಳಿತು ಉಸಿರು ಬಿಟ್ಟ. ನನಗೂ ಜೀವ ಬಂದಂತಾಗಿ, ಅವತ್ತು ಮೊದಲ ಸಲ ಹಸಿವಾಯಿತು.

ಡಾಕು ಮುಟ್ಟುವವರೆಗೂ ಹಿರಿಯರು ಯೋಚನೆಯಲ್ಲಿದ್ದರು. ಊರಲ್ಲಿ ಏನು ಹೇಳುವುದು? ಬಿಸ್ಕೀಟು ಅಂದರೆ ಕಳ್ಳ, ಮೀನು ಅಂದರೆ ಬೀಗರೆಲ್ಲ ದೂರ.

“ಹೋಗೂಮುಂದ ಏನ ಒಯ್ತೀರಿ?” ಎಂದು ಕೇಳಿದರು.

“ಐಸ್ ರೀ.”

“ಹಂಗಾರ ನನ್ನ ಅಳಿಯಾ ಐಸ್ ಸಾಗಸ್ತಾನ. ಬರೂಮುಂದ ಏನ ತರ್ತಾನ ಅಂತ ಕೇಳೂವಷ್ಟು ಶಾಣ್ಯಾ ನಮ್ಮೂರಾಗ ಯಾವನೂ ಇಲ್ಲ.”

ಮರುದಿನ ಅವರನ್ನು ರೈಲು ಹತ್ತಿಸಲು ಹೋದೆವು. ಮೊಮ್ಮಗನಿಗೆಂದು ಉಳಿದ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡಿದ್ದರು. “ಅದ್ರಾಗೇನೈತಿ ಅಂತ ಯಾರರ ಕೇಳಿದ್ರ ಜ್ವಾಕಿ ರೀ” ಎಂದು ನಾನು ಕೆಣಕಿದೆ. ಅವರು ನಗಲಿಲ್ಲ. ಕಿಟಕಿಯಿಂದ ಕೈಚಾಚಿ ಧರ್ಮಣ್ಣನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ಲಿಂಬೆ, ಕರ್ಪೂರ, ಅದರಡಿ ಮೀನು. ತಿಕ್ಕಿ ತಿಕ್ಕಿ ಬೆರಳೆಲ್ಲ ಸುಲಿದಿದ್ದವು.

“ಇನ್ನ ತಿಕ್ಕಬ್ಯಾಡೋ ತಮ್ಮಾ. ವಾಸನಿ ಬಂದ್ರ ಬರ್ಲಿ. ಈ ಕೈಗೆ ಬೇಡಿ ಬೀಳೂದಿಲ್ಲಲ್ಲ, ಅಷ್ಟ ಸಾಕು ನನಗ. ಬರೂ ಸೋಮವಾರ ರಾಚವ್ವನ್ನ, ಕೂಸನ್ನ ಕರಕೊಂಡು ಬರ್ತೀನಿ.”

ಧರ್ಮಣ್ಣ ಖೋಲಿಗೆ ಬಂದವನೇ ಎರಡೂ ಕೈಯಿಂದ ತೊಟ್ಟಿಲಿನ ಕೊಂಡಿಗೆ ಜೋತುಬಿದ್ದು ನೋಡಿದ. ಗಟ್ಟಿಯಾಗಿತ್ತು. ಇಳಿದು, ನನ್ನ ಚಾಪೆಯ ಕಡೆ ನೋಡಿ, “ನೀ ಯಾವಾಗ ಖೋಲಿ ಬಿಡ್ತಿ?” ಅಂದ.