ಇಳಿಯುವಾಗ ಮಾತ್ರ

ಲಿಫ್ಟಿನ ಬಾಗಿಲು ತೆರೆದುಕೊಂಡಾಗ ಮಹಡಿಯ ನೆಲ ಒಂದು ಬೆರಳಿನಷ್ಟು ಕೆಳಗಿತ್ತು. ಅಣ್ಣ ಬಗ್ಗಿ ಆ ಸಂದಿಯನ್ನು ಪರೀಕ್ಷಿಸಿ, ಲಿಫ್ಟ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿನ ಕಂಪನಿಯವನ ಮುಖ ನೋಡಿದ. ಅವನು ಅಣ್ಣನ ಮುಖ ನೋಡಿದ. ಇಬ್ಬರ ನಡುವೆ ನಿಂತಿದ್ದ ತಂಗಿ, ಆ ಲಿಫ್ಟ್ ಕಾರ್ಖಾನೆಯ ಪ್ರೋಗ್ರಾಮ್ ವಿಭಾಗದ ಮುಖ್ಯಸ್ಥೆ, ಗುಂಡಿ ಒತ್ತಿ ಲಿಫ್ಟನ್ನು ಮತ್ತೆ ಮೇಲಕ್ಕೆ ಕಳಿಸಿದಳು. ಹತ್ತುವಾಗ ಅದು ಪ್ರತಿ ಮಹಡಿಯಲ್ಲೂ ನೆಲಕ್ಕೆ ಸಮನಾಗಿ ನಿಂತಿತು. ಇಳಿಯುವಾಗ ಮಾತ್ರ ಹಟ.

ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಕಂಪೈಲರ್ ಇಷ್ಟು ವರ್ಷವೂ ಅಣ್ಣ ಕೆಲಸ ಮಾಡುವ ಕಂಪನಿಯದೇ ಆಗಿತ್ತು. ಈಗ ಲಿಫ್ಟುಗಳಿಗೆ ಹೊಸ ಬೋರ್ಡು ಬಂದಿದೆ, ಅದರ ಬೆನ್ನಿಗೇ ಬೋರ್ಡಿನವರ ಸ್ವಂತ ಕಂಪೈಲರೂ ಬಂದಿದೆ. ಎರಡರಲ್ಲಿ ಒಂದನ್ನು ಆರಿಸುವ ಕೆಲಸ ಅವಳದು. ಸ್ವಂತ ಅಣ್ಣನ ವಿಷಯ, ಬೇರೆ ಯಾರಾದರೂ ನೋಡಲಿ ಎಂದು ನಿರ್ದೇಶಕರಿಗೆ ಮೊದಲೇ ಹೇಳಿದ್ದಳು. ಬೇರೆಯವರಿಗೆ ಇದರ ತಲೆಬುಡ ಗೊತ್ತಿಲ್ಲ, ನೀವೇ ನೋಡಿ, ಕಾರಣ ಮಾತ್ರ ಎಲ್ಲರೆದುರಿಗೆ ಹೇಳಿ ಎಂದು ಅವರು ಕೈ ತೊಳೆದುಕೊಂಡಿದ್ದರು.

ಸಭೆಯ ಕೋಣೆಗೆ ಕಾಲಿಟ್ಟಿದ್ದೇ ತಡ, ಜಗಳ ಶುರು. ಬೋರ್ಡಿನವನ ಪ್ರಕಾರ ಅಣ್ಣನ ಕಂಪನಿ ಪ್ರೋಗ್ರಾಮ್ ಬರೆಯುವ ಭಾಷೆಯೊಳಗೆ ತನ್ನದೇ ಪದಗಳನ್ನು ತುರುಕಿ ಅದನ್ನು ಕುಲಗೆಡಿಸಿದೆ. ಅಣ್ಣನ ಪ್ರಕಾರ ಬೋರ್ಡಿನವರಿಗೆ ಲೆಕ್ಕವೇ ಬರುವುದಿಲ್ಲ. ಲಿಫ್ಟ್ ತಪ್ಪಿ ನಿಂತದ್ದು ಅವರ ಕಂಪೈಲರಿನಿಂದ; ಪರೀಕ್ಷೆಗೆಂದು ಆ ಪದಗಳಿಲ್ಲದೆ ಬರೆದಿದ್ದ ಅದೇ ಚಿಕ್ಕ ಪ್ರೋಗ್ರಾಮನ್ನು, ಅದೇ ಬೋರ್ಡಿನ ಮೇಲೆ, ತಮ್ಮ ಕಂಪೈಲರಿನಿಂದ ನಡೆಸಿದರೆ ಲಿಫ್ಟ್ ಸರಿಯಾಗಿಯೇ ನಿಲ್ಲುತ್ತದೆ. ಅದು ನಿಜ. ಬೆಳಿಗ್ಗೆ ಅವಳೇ ನಡೆಸಿ ನೋಡಿದ್ದಳು. ಅಣ್ಣನದನ್ನೇ ಇಟ್ಟುಕೊಂಡರೆ ಇವತ್ತೇ ಎಲ್ಲ ಸಲೀಸು. ಮನೆಯಲ್ಲೂ ಸಲೀಸು. ಈ ಕಾರ್ಖಾನೆ ಕೈಬಿಟ್ಟರೆ ಅಣ್ಣನ ಕಚೇರಿಗೆ ಬೀಗ ಬೀಳುತ್ತದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದಳು. ನಿನ್ನ ಮೇಲೆ ಒತ್ತಡ ಹಾಕುತ್ತಿಲ್ಲ ಎನ್ನುತ್ತಲೇ ಹೇಳಿದ್ದಳು.

ಆದರೆ ಆ ಫೋನಿನ ಮಾತು ನೆನೆದು ಕೆಲಸ ಬಿಟ್ಟು ಕೂರುವವಳಲ್ಲ ಅವಳು. ಇಬ್ಬರೂ ಗಂಟಲು ಹರಿದುಕೊಳ್ಳಲಿ ಎಂದು ಬಿಟ್ಟು, ಲಿಫ್ಟ್ ನಿಲ್ಲಿಸುವ ಭಾಗವನ್ನು ಪರದೆಯ ಮೇಲೆ ತೆರೆದು ಸಾಲು ಸಾಲಾಗಿ ಓದುತ್ತಾ ಹೋದಳು. ಇಳಿಯುವ ದೂರವನ್ನು ಸೊನ್ನೆಗಿಂತ ಕೆಳಗಿನ ಸಂಖ್ಯೆಯಾಗಿ ಇಟ್ಟಿದ್ದರು. ಒಂದು ಕಡೆ ಅದನ್ನು ಭಾಗಿಸಿದ್ದರು. ಅಲ್ಲೇ ನಿಂತು, ಮೈನಸ್ ಏಳನ್ನು ಎರಡರಿಂದ ಭಾಗಿಸಿ ಎಂದು ಎರಡೂ ಕಂಪೈಲರುಗಳಿಗೆ ಕೊಟ್ಟಳು. ಅಣ್ಣನದು ಮೈನಸ್ ನಾಲ್ಕು ಎಂದಿತು. ಬೋರ್ಡಿನವರದು ಮೈನಸ್ ಮೂರು ಎಂದಿತು. ಪೂರ್ಣಸಂಖ್ಯೆಯಷ್ಟೇ ಬೇಕಾದಾಗ ಮೂರೂವರೆಯ ಆ ಅರ್ಧವನ್ನು ಯಾವ ಕಡೆಗೆ ತಳ್ಳಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಆ ಭಾಷೆಯ ನಿಯಮಗಳನ್ನು ತೆಗೆದು ನೋಡಿದರೆ, ಅವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದವು: ಅದು ಕಂಪೈಲರ್ ಮಾಡುವವರ ಇಷ್ಟ.

"ತಪ್ಪು ನಿಮ್ಮಿಬ್ಬರದೂ ಅಲ್ಲ, ನಮ್ಮದು," ಎಂದಳು. "ಒಂದನ್ನೇ ಬಳಸಿ ಬಳಸಿ, ಅದು ಹೇಳಿದ್ದೇ ಭಾಷೆ ಅಂದ್ಕೊಂಡ್ಬಿಟ್ವಿ."

ಎರಡರಲ್ಲೂ ಒಂದೇ ಉತ್ತರ ಬರುವಂತೆ ಆ ಸಾಲನ್ನು ಅಲ್ಲೇ ತಿದ್ದಿ ಬರೆದಳು. ಎರಡರಿಂದಲೂ ಲಿಫ್ಟ್ ಇಳಿಸಿ ನೋಡಿದ್ದಾಯಿತು, ಎರಡೂ ಸರಿಹೋದವು. ಜಗಳವಾಡಲು ಏನೂ ಉಳಿಯದೆ ಗಂಡಸರಿಬ್ಬರೂ ಪೆಚ್ಚಾಗಿ ಕುಳಿತರು.

ಆಗ ಅವಳು ತನಗೆ ಬೇಕಾಗಿದ್ದ ಪ್ರಶ್ನೆಯನ್ನು ಇಬ್ಬರಿಗೂ ಕೇಳಿದಳು. "ನಾಳೆ ನಿಮ್ಮನ್ನ ಬಿಡ್ಬೇಕು ಅಂತಾದ್ರೆ, ನಮ್ಮ ಪ್ರೋಗ್ರಾಮಲ್ಲಿ ಎಷ್ಟು ಉಳಿಯುತ್ತೆ?"

ಬೋರ್ಡಿನವನು ಸ್ವಲ್ಪ ಯೋಚಿಸಿ, ಬೋರ್ಡಿಗೆ ಅಂಟಿಕೊಂಡ ಒಂದಷ್ಟು ಸಾಲು ಹೋಗುತ್ತವೆ, ಮಿಕ್ಕದ್ದೆಲ್ಲ ಉಳಿಯುತ್ತದೆ ಎಂದ. ಬೇಕಾದರೆ ಮೂರನೆಯವರ ಕಂಪೈಲರಿಗೆ ಹಾಕಿ ತೋರಿಸುತ್ತೇನೆ ಎಂದೂ ಸೇರಿಸಿದ.

ಇನ್ನು ಅಣ್ಣನ ಸರದಿ. ಮಾರಾಟ ವಿಭಾಗಕ್ಕೆ ಬರುವ ಮುಂಚೆ ಅವನು ತನ್ನ ಕಂಪನಿಯಲ್ಲೇ ಕಂಪೈಲರ್ ಬರೆಯುತ್ತಿದ್ದವನು. ಬೋರ್ಡಿನವನು ಬೈದ ಆ ಪದಗಳಲ್ಲಿ ಮುಕ್ಕಾಲು ಪಾಲು ಅವನೇ ಹುಟ್ಟಿಸಿದ್ದು. ಪುಟಗಟ್ಟಲೆ ಬರೆಯಬೇಕಾದ್ದನ್ನು ಒಂದೇ ಏಟಿಗೆ ಮುಗಿಸುವ ಚಂದದ ಪದಗಳು. ಮೊದಲ ಸಲ ತಂಗಿಗೆ ತೋರಿಸಿದಾಗ ಊಟ ಆರಿಹೋಗುವವರೆಗೂ ವಿವರಿಸಿದ್ದ. ಅವನು ಹುಟ್ಟಿಸಿದ್ದು ಸಾಲದೆಂಬಂತೆ ಈ ಕಾರ್ಖಾನೆಯ ಹುಡುಗರು ಅವನ್ನು ಎಲ್ಲೆಂದರಲ್ಲಿ ಸುರಿದಿದ್ದರು. ಈಗ ಅವನು ಅರ್ಧ ಉಳಿಯುತ್ತದೆ ಎನ್ನಬಹುದಿತ್ತು. ಅದು ಸುಳ್ಳೆಂದು ಅವಳ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ, ಅವಳು ಬಾಯಿ ಬಿಡುವಳೋ ಇಲ್ಲವೋ ಎಂಬುದು ಅವಳಿಗೂ ಆ ಕ್ಷಣ ತಿಳಿದಿರಲಿಲ್ಲ.

"ಏನೂ ಉಳಿಯಲ್ಲ," ಎಂದ ಅಣ್ಣ. "ಬಿಟ್ಟು ಹೋಗ್ಬಾರದು ಅಂತಾನೇ ಹಾಗೆ ಮಾಡಿದ್ದು."

ಅವಳಿಗೆ ಹೆಮ್ಮೆಯಾಯಿತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡಳು. "ಬಿಡೋದು ಯಾವುದು ಸುಲಭಾನೋ ಅದನ್ನೇ ತಗೋತೀನಿ," ಎಂದಳು. "ಅಣ್ಣ, ನಿಮ್ಮದು ಬೇಡ."

ಬೋರ್ಡಿನವನು ಖುಷಿಯನ್ನು ಮುಖದಿಂದ ಒರೆಸಿಕೊಳ್ಳಲು ಹೆಣಗುತ್ತಾ ಕೈಕುಲುಕಿ ಹೊರಟ. ಅಣ್ಣ ಕಿಟಕಿಯ ಬಳಿ ನಿಂತು ತನ್ನ ಕಚೇರಿಗೆ ಫೋನು ಮಾಡಿದ. ನಮ್ಮದು ಆಗಲಿಲ್ಲ, ಕೇಳಿದ್ದು ಸರಿಯಾಗೇ ಕೇಳಿದರು ಎಂದಷ್ಟೇ ಹೇಳಿ ಇಟ್ಟ. ಆಮೇಲೂ ಅವನು ಹೊರಡಲಿಲ್ಲ. ಆ ಪದಗಳನ್ನೆಲ್ಲ ಕಿತ್ತುಹಾಕುವವರು ಯಾರು ಎಂದು ವಿಚಾರಿಸಿದ. ನಮ್ಮ ಹುಡುಗರೇ ಎಂದಳು ತಂಗಿ. ನಿನ್ನನ್ನು ಕರೆಯಬೇಕೆಂದು ಆಸೆಯಿದೆ, ಆದರೆ ಇವತ್ತು ಮಾತು ಕೊಡಲಾರೆ ಎಂದೂ ನೇರವಾಗಿ ಹೇಳಿದಳು.

"ಕೆಲಸ ಕೇಳ್ತಿಲ್ಲ ಕಣೇ," ಎಂದ. "ಹುಡುಗರು ಬಳಸಿದಾರೆ, ಒಳಗೇನಿದೆ ಅಂತ ನೋಡಿಲ್ಲ. ಒಂದನ್ನ ಮಾಡಿ ತೋರಿಸ್ಬಿಟ್ಟು ಹೋಗ್ತೀನಿ."

ಅವಳು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅಣ್ಣ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು ತನ್ನದೊಂದು ಪದವನ್ನು ಹುಡುಕಿ, ಅದು ಮಾಡುತ್ತಿದ್ದ ಕೆಲಸವನ್ನೆಲ್ಲ ಅದರ ಕೆಳಗೆ, ಯಾವ ಕಂಪೈಲರಿಗಾದರೂ ತಿಳಿಯುವ ಸಾದಾ ಸಾಲುಗಳಲ್ಲಿ ಬರೆಯುತ್ತಾ ಹೋದ. ಬರೆದು ಮುಗಿಸಿ, ನಡೆಸಿ ನೋಡಿದ. ಆಮೇಲೆ ಮೇಲಿನ ಪದದ ಹತ್ತಿರ ಬಂದು ಸ್ವಲ್ಪ ಹೊತ್ತು ಬೆರಳು ಎತ್ತಿಕೊಂಡೇ ಕೂತ. ಅವಳು ಅವನ ಮುಖ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ಪದ ಅಳಿಸಿಹೋಯಿತು. ಕೆಳಗಿನ ಸಾಲುಗಳೆಲ್ಲ ಒಟ್ಟಿಗೆ ಮೇಲಕ್ಕೆ ಸರಿದವು.