ನ್ಯೂಟ್ರಲ್‌ನಲ್ಲಿ ಇಳಿದ ಲಾರಿ

ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಅಬ್ಬಾಸ್ ಎಂಜಿನ್ ಆಫ್ ಮಾಡಿ ಲಾರಿಯನ್ನು ನ್ಯೂಟ್ರಲ್‌ನಲ್ಲೇ ಬಿಡುತ್ತಿದ್ದ. ಡೀಸೆಲ್ ಉಳಿಸಲು ಆ ದಾರಿಯ ಡ್ರೈವರರು ಮಾಡಿಕೊಂಡ ರೂಢಿ. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ಅದು. ಮುಸ್ಸಂಜೆ. ಹಿಂದೆ ಬಟಾಟೆ ಮೂಟೆಗಳ ಮೇಲೆ ಕ್ಲೀನರ್ ಡೊಂಬಯ್ಯ, ಅಬ್ಬಾಸನ ಪಕ್ಕದಲ್ಲಿ ಬಸ್ಸು ತಪ್ಪಿ ಹತ್ತಿಕೊಂಡ ಮೂಡುಬಿದಿರೆಯ ವಿಜ್ಞಾನ ಮಾಷ್ಟ್ರು ಶಾಂತಿಪ್ರಸಾದ.

"ಏನಾದರೂ ಮಾತಾಡಿ ಮಾಷ್ಟ್ರೇ, ನಿದ್ದೆ ಬರ್ತದೆ."

"ಆಕಾಶದಲ್ಲಿ ಕಪ್ಪು ಕುಳಿ ಅಂತ ಉಂಟಂತೆ. ಒಳಗೆ ಹೋದ ಬೆಳಕೂ ವಾಪಸು ಬರುವುದಿಲ್ಲ. ಆದರೆ ಸುತ್ತ ಭಾರೀ ಬೆಳಕು ಇರಬೇಕು ಅಂತ ಕೆಲವರ ಊಹೆ."

"ಗುಂಡಿಯ ಬಾಯಿಗೆ ಪೆಟ್ರೋಮ್ಯಾಕ್ಸ್ ಇಟ್ಟದ್ದು ಯಾರು?"

"ಬೀಳುವ ಅನಿಲ, ಧೂಳೇ. ಅದು ನೆಟ್ಟಗೆ ಬೀಳುವುದಿಲ್ಲ ಮಾರಾಯ, ನಮ್ಮ ಹಾಗೆ ಸುತ್ತಿ ಸುತ್ತಿ ಇಳೀತದೆ. ಒಳಸುತ್ತಿನದಕ್ಕೆ ವೇಗ ಹೆಚ್ಚು, ಹೊರಸುತ್ತಿನದಕ್ಕೆ ಕಡಿಮೆ. ಒಂದಕ್ಕೊಂದು ತಿಕ್ಕಿ, ಕಾದು, ಹೊಳೀತದೆ. ಬಿದ್ದ ಮೇಲೆ ಏನೂ ಇಲ್ಲ. ಬೆಳಕೆಲ್ಲ ಬೀಳುವ ಮೊದಲೇ."

ಮೇಲಿನಿಂದ ಡೊಂಬಯ್ಯ ಕ್ಯಾಬಿನ್ ಬಡಿದ. "ಅಬ್ಬಾಸಣ್ಣ, ಹಿಂದಿನ ಚಕ್ರದೊಳಗೆ ಕೆಂಪು ಕಾಣ್ತದೆ."

"ನಿನ್ನ ಬೀಡಿ ಇರಬೇಕು."

ಮಾಷ್ಟ್ರು ತಲೆ ಹೊರಗೆ ಹಾಕಿದರು. ಬ್ರೇಕಿನ ಡ್ರಮ್ಮು ಕುಲುಮೆಯ ಕಬ್ಬಿಣದಂತೆ ಹೊಳೆಯುತ್ತಿತ್ತು. ಸುಟ್ಟ ವಾಸನೆ.

"ಇಳಿಯುವ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದಿದೆ. ಎಂಜಿನ್ ಹಾಕು, ಗೇರಿಗೆ ತಾ."

ಅಬ್ಬಾಸ್ ಬ್ರೇಕು ತುಳಿದ. ಪೆಡಲು ತಳಕ್ಕೆ ಹೋಯಿತು, ಲಾರಿ ಓಡುತ್ತಲೇ ಇತ್ತು. ಎಂಜಿನ್ ಚಾಲೂ ಮಾಡಿ ಗೇರು ನೂಕಿದ. ಗರಗರ ಸದ್ದು ಬಂತೇ ಹೊರತು ಗೇರು ಕೂರಲಿಲ್ಲ. ಎದುರಿನ ತಿರುವಿನಾಚೆ ಕಣಿವೆ.

"ಮಾಷ್ಟ್ರೇ, ಬಾಗಿಲು ಬಿಟ್ಟು ಈಚೆ ಬನ್ನಿ."

ಸ್ಟೇರಿಂಗ್ ಎಡಕ್ಕೆ ಎಳೆದು ಲಾರಿಯನ್ನು ಗುಡ್ಡ ಕಡಿದ ಗೋಡೆಯಂಥ ದರೆಗೆ ಒರಗಿಸಿದ. ಕಲ್ಲಿಗೆ ತಗಡು ತಿಕ್ಕಿ ಕಿಡಿ ಹಾರಿತು. ಬಾಗಿಲು ಒಳಕ್ಕೆ ಜಜ್ಜಿಹೋಯಿತು. ಮೂಟೆಯೊಂದು ಒಡೆದು ಬಟಾಟೆಗಳು ಲಾರಿಗಿಂತ ಮುಂದೆ ಉರುಳಿ ಕಣಿವೆಗೆ ಬಿದ್ದವು. ತಿರುವಿನ ಅಂಚಿನಲ್ಲಿ ಲಾರಿ ನಿಂತಿತು. ಡೊಂಬಯ್ಯ ಹಾರಿ ಚಕ್ರಕ್ಕೆ ಮರದ ತುಂಡು ಕೊಟ್ಟ. ನೀರಿನ ಡಬ್ಬಿಗೆ ಕೈಹಾಕಿದ.

"ನೀರು ಬೇಡ," ಮಾಷ್ಟ್ರು ತಡೆದರು. "ಕಾದ ಡ್ರಮ್ಮು ಒಡೀತದೆ. ತಾನೇ ತಣಿಯಲಿ."

ಅಬ್ಬಾಸ್ ರಸ್ತೆಬದಿ ಕುಳಿತ. "ಮಾಷ್ಟ್ರೇ, ನಿಮ್ಮ ಆ ಗುಂಡಿಯ ಬದಿಯಲ್ಲಿ ದರೆ ಉಂಟಾ?"

"ಇಲ್ಲ."

"ಹಾಗಾದರೆ ಆ ರೂಟು ನನಗೆ ಬೇಡ."

ಕೆಂಪು ಆರಿ ಕಬ್ಬಿಣ ಕಪ್ಪಾಯಿತು. ಅಬ್ಬಾಸ್ ಫಸ್ಟ್ ಗೇರು ಹಾಕಿದ. ಎಂಜಿನ್ ಏದುಸಿರು ಬಿಡುತ್ತ ಲಾರಿಯನ್ನು ಹಿಡಿದು ಹಿಡಿದು ಇಳಿಸಿತು.

"ಡೀಸೆಲ್ ಎಲ್ಲ ಹೋಯ್ತಲ್ಲ ಅಬ್ಬಾಸಣ್ಣ," ಮೇಲಿನಿಂದ ಡೊಂಬಯ್ಯನ ಗೊಣಗಾಟ.

"ಹೋಗಲಿ. ನೀನು ಚಕ್ರ ನೋಡ್ತಾ ಇರು."